ನೆಲ, ಗಡಲೆ

ತಾರ್ತುವಿನಲ್ಲಿ ಮೂರೂವರೆಗೇ ಕತ್ತಲು.
ಮೇಜಿನ ತುಂಬ ತಿಂಡಿಯ ಖಾಲಿ ಹೊದಿಕೆ:
ತಿಂದವನು ಇಂದ್ರೆಕ್, ಓದುವುದು ಯಂತ್ರ,
ತಪ್ಪು ಹಿಡಿಯುವ ಕೂಲಿ ನನ್ನದು.

ಬೆಳಿಗ್ಗೆ ಉಪ್ಪಿನಲ್ಲಿ ಎಡವಿತು.
ಇಲ್ಲಿ ದಶಾಂಶಕ್ಕೆ ಚುಕ್ಕಿಯಿಲ್ಲ, ಅಲ್ಪವಿರಾಮ;
'ಉಪ್ಪು 1,2%' ಎಂಬಲ್ಲಿ ಕಚಕ್ಕನೆ ಕತ್ತರಿಸಿ
'ಎರಡು' ಎಂಬ ಹೊಸ ಪದಾರ್ಥ ಹುಟ್ಟಿಸಿತು.
ಎರಡರ ರುಚಿ ಹೇಗಿರುತ್ತೆ, ಇಂದ್ರೆಕ್ ಕೇಳಿದ.

ಕಪ್ಪು ರೊಟ್ಟಿಯ ಚೀಟಿಯಲ್ಲಿ ಯಾರೋ
ಕಂಸ ತೆರೆದು ಮುಚ್ಚಲು ಮರೆತಿದ್ದರು.
ನೀರು, ರೈ ಹಿಟ್ಟು, ಕಾರ್ಖಾನೆಯ ವಿಳಾಸ,
ಎಲ್ಲ ಕಂಸದ ಸೆರೆಯಲ್ಲಿ.

ಸಂಜೆ, ಇನ್ನೂರ ಹದಿನಾಲ್ಕನೆಯದು: ಒಂದು ವೇಫರ್.
ಸಾಲು ಸಾಲದೆ ಪದ ಮುರಿದಿತ್ತು:
ನೆಲ-
ಗಡಲೆ.
ಇಲ್ಲಿಯ ಮಾತಿನಲ್ಲೂ ನೆಲದ ಕಾಯಿಯೇ ಅದು.
ಯಂತ್ರ ಬರೆಯಿತು: ನೆಲ.
ಆಮೇಲೆ: ಗಡಲೆ, ಅರ್ಥವಾಗಲಿಲ್ಲ.
ಕೆಳಗೆ ಹಸಿರು ಅಕ್ಷರ: ಅಲರ್ಜಿ ತರುವಂಥದ್ದು ಏನೂ ಇಲ್ಲ.

ನಗು ಅರ್ಧ ಬಂದು ನಿಂತಿತು.
ಮಣ್ಣು ತಿಂದರೆ ಮಕ್ಕಳು ಸಾಯುವುದಿಲ್ಲ.
ಪಿರೆತಳ ತಾವೆತ್‌ಗೆ ಆರು ವರ್ಷ,
ಚೀಲದಲ್ಲಿ ಪುಸ್ತಕಕ್ಕಿಂತ ಮೇಲೆ ಸೂಜಿಮದ್ದು;
ಓದು ಬಂದಿಲ್ಲ ಇನ್ನೂ,
ಹಸಿರು ಕೆಂಪು ಗೊತ್ತು.

ಇಂದ್ರೆಕ್ ದೀಪ ಆರಿಸಲು ಬಂದ.
ಇರಲಿ, ಎಂದೆ.
ಹೊದಿಕೆಯನ್ನು ಅಂಗೈಯಲ್ಲಿ ನೀವಿ
ಆ ಅಡ್ಡಗೆರೆಯ ಮೇಲೆ ಬೆರಳಿಟ್ಟು
ಮತ್ತೆ ಓದಿಸಿದೆ.