ಕಾಡಿಗಿ ಗೆರಿ

ಶನಿವಾರ ಸಂಜಿ ನೂರಾ ಇಪ್ಪತ್ತರಾಗಿದ್ದ ಮುಳ್ಳು
ಸೋಮವಾರ ಮುಂಜಾನೆ ತೊಂಬತ್ತಕ್ಕ ಇಳಿದಿತ್ತು.
ಹೀಲಿಯಂ. ಬಣ್ಣಿಲ್ಲ, ವಾಸನಿಲ್ಲ,
ಬಿಲ್ಲು ಮಾತ್ರ ಐತಿ.

ಹೊರಗ ತಿಕೋಟಾದ ಮಂದಿ
ಮನೂಕದ ಚೀಲ ತೊಡಿಮ್ಯಾಲ ಇಟ್ಕೊಂಡು ರಿಪೋರ್ಟಿಗೆ ಕಾದಾರ.
ತಡ ಆಗತೈತ್ರಿ ಅಂದೆ.
ಕಿಟಕಿ ತೆರೆದೆ, ಮಷೀನಿನ ಒಲಿ ಆರಲಿ ಅಂತ ಕುಂತೆ.

ಅಪ್ಪನ ಪಂಕ್ಚರ್ ಅಂಗಡಿ ಸ್ಟೇಶನ್ ರಸ್ತೆದಾಗ.
ಗಾಳಿ ತುಂಬಿದ ಟ್ಯೂಬು ಗಲ್ಲದ ಹತ್ರ ತಿರುಗಿಸ್ತಿದ್ದ;
ಗಲ್ಲಕ್ಕ ತಿಳೀದಿದ್ರ ಬುಟ್ಟಿ ನೀರಾಗ ಮುಣುಗಿಸ್ತಿದ್ದ,
ಗುಳ್ಳಿ ಎಣಿಸಾಕಿ ನಾನು.

ಇಲ್ಲಿ ಸೇರಿದ ಮೊದಲ ವಾರ
ಹೈಡ್ರೋಜನ್ ಕೊಳವಿಗೆ ಹಂಗ ಗಲ್ಲ ಒಡ್ಡಿದ್ದೆ.
ಹುಣಶ್ಯಾಳ ಮೇಡಂ ಜಡಿ ಹಿಡಿದು ಹಿಂದಕ್ಕ ಎಳೆದ್ರು:
"ಹಗಲಾಗ ಇದರ ಉರಿ ಕಾಣಂಗಿಲ್ಲ, ಜೈತೂನಾ,
ಸುಟ್ಟಮ್ಯಾಲನ ತಿಳಿಯೂದು."

ಗುಮ್ಮಟದ ಹೋಲಿಕಿ ಬ್ಯಾಡ,
ಈ ಊರಿಗೆ ಬಂದವರೆಲ್ಲ ಅದನ್ನ ಕೊಡ್ತಾರ.
ಆದ್ರೂ: ಅಲ್ಲಿ ಒಮ್ಮೆ ಅಂದದ್ದು ಏಳು ಸಲ ಕೇಳತೈತಿ,
ಇಲ್ಲಿ ಎರಡು ರಾತ್ರಿ ಒಂದೇ ಸವನ ಅಂದದ್ದು
ಒಮ್ಮಿನೂ ಕೇಳಲಿಲ್ಲ.

ಸಿಲಿಂಡರಿನ ಕುತ್ತಿಗಿಗೆ ಸಾಬೂನು ನೀರು. ಗುಳ್ಳಿಲ್ಲ.
ಮಷೀನಿನ ಕಡೆ ಸಾಬೂನು ಒಯ್ಯಂಗಿಲ್ಲ;
ಒಂದು ಹನಿ ಒಳಗ ಹೋದ್ರ
ಅದು ತಿಂಗಳಗಟ್ಟಲೆ ಸುಳ್ಳು ಹೇಳತೈತಿ.

ವಾಲ್ವ್ ಮುಚ್ಚಿದೆ. ಮಾರ್ಕರ್ ಒಣಗಿತ್ತು,
ಪರ್ಸಿನಾಗಿನ ಕಾಡಿಗಿ ಪೆನ್ಸಿಲ್ ತಗದು
ಗೇಜಿನ ಗಾಜಿಗೆ, ಮುಳ್ಳಿನ ನೆತ್ತಿಗೆ ಸರಿಯಾಗಿ
ಒಂದು ಗೆರಿ.
ಅರ್ಧ ತಾಸು. ಚಹಾ ಆರಿತು. ಮುಳ್ಳು
ಗೆರಿ ಬಿಟ್ಟು ಕೆಳಗ ಸರೀತು,
ಸಾಲ ತಗೊಂಡಾಂವ ಕಣ್ಣು ತಪ್ಪಿಸಿ ದಾಟಿದಂಗ.

ಸೋರಿಕಿ ಹುಡುಕೂ ಸಣ್ಣ ಯಂತ್ರ ಹಿಡಿದು
ಒಂದೊಂದು ನಟ್ಟಿನ ಸುತ್ತ, ಸಾವಕಾಶ,
ಒಲಿ ಹಿಂದ, ಗ್ವಾಡಿ ಬದಿ, ಮೂರನೇದಕ್ಕ
ಕೂಗಿತು.

ನಾನ ಬಿಗಿದ ನಟ್ಟು.
ಶನಿವಾರ, ಪಗಾರದ ಮಾತು ಕೇಳಿ ಬಂದ ಸಿಟ್ಟಿಗೆ
ಪಾನಾ ಇನ್ನೊಂದು ಸುತ್ತು ತಿರುವಿದ್ದೆ;
ಒಳಗಿನ ಮೆತ್ತನ್ನ ಉಂಗುರ ಚಪ್ಪಟ್ಟಾಗಿತ್ತು.

ಹೊಸಾ ಉಂಗುರ. ಬೆರಳಿಲೆ ಬಿಗಿ, ಮ್ಯಾಲ ತುಸು ಪಾನಾ, ಸಾಕು.
ಮತ್ತ ವಾಲ್ವ್, ಮತ್ತ ಕಾಡಿಗಿ, ಮತ್ತ ಅರ್ಧ ತಾಸು.
ರಿಜಿಸ್ಟರಿನಾಗ: ಸೋರಿಕಿ, ಮೂರನೇ ನಟ್ಟು. ಕಾರಣ...
ಪೆನ್ನು ಅಲ್ಲೇ ನಿಂತಿತು.
ಆಮ್ಯಾಲ "ಅತಿ ಬಿಗಿ" ಅಂತ ಬರದು ಸಹಿ ಹಾಕಿದೆ.

ಮುಳ್ಳು ಗೆರಿಮ್ಯಾಲ ಕುಂತೈತಿ, ಅಲ್ಲಾಡವಲ್ದು.
ಬರ್ರಿ ಅಂತ ಬಾಗಿಲು ತೆರೆದ್ರ
ಮನೂಕದ ಮುದುಕ ನನ್ನ ಮಾರಿ ನೋಡಿ ಅಂದ,
"ಅಕ್ಕಾರ, ನಿಮ್ಮ ಗಲ್ಲಕ್ಕ ಕಾಡಿಗಿ ಹತ್ತೈತ್ರಿ."