ತಿದಿಗೊಳ್ಳದ ಬಗ್ಗೆ ಒಂದು ಪುಟ

ಪಂಚಾಯ್ತಿಯವರು ಕೇಳಿದ್ದು ಒಂದೇ ಪುಟ:
ಊರಿನ ಹೆಸರು, ಹೆಸರು ಬಂದ ಬಗೆ,
ನೋಡತಕ್ಕ ಸ್ಥಳ ಇದ್ದರೆ ಅದು, ಸಹಿ, ಮೊಹರು.
ಶಾಲೆಗೆ ರಜೆ. ಬರೆಯಬಲ್ಲವರು ಬೇರೆ ಸಿಕ್ಕಲಿಲ್ಲ.

ಸಂಡೂರಿನಿಂದ ಬರುವಾಗ ತಿರುವಿನ ಬೋರ್ಡು
ಊರನ್ನು ‘ತಿಥಿಗೊಳ್ಳ’ ಅನ್ನುತ್ತದೆ. ಪೇಂಟರನ ಕೈತಪ್ಪು.
ಹುಡುಗರು ಬೊಟ್ಟು ಕೆರೆದು ಕೆರೆದು ಅರ್ಧ ಸರಿಮಾಡಿದ್ದಾರೆ.
ವಡೆ ಆಯ್ತಾ ಅಂತ ಕಂಡಕ್ಟರು ಇನ್ನೂ ಕೇಳುತ್ತಾನೆ.

ಎರಡು ಗುಡ್ಡ, ನಡುವೆ ಹಳ್ಳ, ಹಳ್ಳದ ಮಗ್ಗುಲಿಗೆ
ಅರವತ್ತೆಂಟು ಮನೆ. ಶಾಲೆಯ ಹಿಂದೆ ಕಿಟ್ಟದ ದಿಬ್ಬ:
ಕಬ್ಬಿಣ ಕರಗಿಸಿದವರು ಉಗುಳಿ ಹೋದದ್ದು,
ಕಪ್ಪು, ಒಂದು ಕಡೆ ನುಣುಪು, ಒಂದು ಕಡೆ ತೂತು.
ಯಾವ ಕಾಲದ್ದು? ಅಳೆಯಲು ಬಂದ ಸಾಹೇಬರೊಬ್ಬರು
ಒಂದು ತುಂಡು ಚೀಲಕ್ಕೆ ಹಾಕಿಕೊಂಡು ಹೋದರು.
ಕಾಗದ ಬರಲಿಲ್ಲ.

ಉಳಿದದ್ದು ಸಣ್ಣದುರುಗವ್ವನ ಬಾಯಲ್ಲಿದೆ,
ಎಲೆ ಅಡಿಕೆಯ ಜೊತೆ:
“ಗಂಡ ಕುಲುಮೆ ಕಟ್ಟಿದ, ತಿದಿಗೆ ತೊಗಲಿಲ್ಲ.
ಹೆಂಡ್ತಿ ಮಾಳಕ್ಕ ಸಾಕಿದ್ದು ಒಂದಾ ಆಡು, ಬಿಳೇ ಕಿವೀದು,
ಮಳೆ ಬಂದ್ರೆ ಆಕಿ ಸೆರಗಿನಾಗೆ ನಿಲ್ಲೋದು.
ಆಕಿ ನೀರಿಗೆ ಹೋದಾಗ ಮುಗಿಸಿಬಿಟ್ಟ.
ತಿರುಗಿ ಬಂದಾಕಿ ಏನೂ ಅನ್ಲಿಲ್ಲ. ತಿದಿ ಒತ್ತಾಕ ಕುಂತ್ಲು.
ಒತ್ತಿದ್ರೆ ತಿದಿ ಅಂತು: ಮ್ಯಾ.
ರಾತ್ರಿಯೆಲ್ಲ ಒತ್ತಿದ್ಲು. ರಾತ್ರಿಯೆಲ್ಲ ಮ್ಯಾ.
ಬೆಳಕು ಹರಿಯೋದ್ರಾಗೆ ಕಬ್ಬಿಣ ಬಿತ್ತು, ಮುದ್ದಿ ಹಂಗೆ.”

ಆ ಕಬ್ಬಿಣದ ಕುಡುಗೋಲು ಹುಲ್ಲು ಕೊಯ್ದವು,
ಬಾಚಿ ಮರ ಕೆತ್ತಿದವು, ಒಂದು ಕತ್ತಿ
ಪಾಳೆಗಾರನ ಕಡೆಯವನ ಹೆಬ್ಬೆರಳನ್ನೇ ತೆಗೆಯಿತಂತೆ.
ಆಡಿನ ಕುತ್ತಿಗೆಗೆ ಇಟ್ಟರೆ ಮಾತ್ರ ಮೊಂಡು.
ಹೊನ್ನೂರಸಾಬನ ತಾತ, ಅಪ್ಪ, ಈಗ ಅವನೂ
ಚೂರಿ ತರುವುದು ಹೊಸಪೇಟೆಯಿಂದ.
ನಂಬುತ್ತೀಯಾ ಅಂದೆ. ಮಸೆಯುತ್ತಲೇ ಅಂದ:
“ಗಿರಾಕಿ ಕಾಯ್ತಿರ್ತಾರೆ ಸಾರ್,
ಪರೀಕ್ಷೆ ಮಾಡಾಕ ಟೈಮೆಲ್ಲೈತೆ.”

ಗಾದಿಲಿಂಗಪ್ಪನದು ಬೇರೆ ವಾದ. ತಿದಿ ಅಂದರೆ ಗಾಳಿ.
ಮುಂಜಾನೆ ಕೊಳ್ಳ ಉಸಿರೆಳೆಯುತ್ತದೆ, ಸಂಜೆ ಬಿಡುತ್ತದೆ.
ಆಡೂ ಇಲ್ಲ, ಮಾಳಕ್ಕನೂ ಇಲ್ಲ.
(ದುರುಗವ್ವನ ಮೇಲೆ ಅವನಿಗೆ ಹಳೇ ಹಟ, ಹೊಲದ ಬದುವಿನದು.)
ತಾಂಡಾದ ಸೋಮ್ಲಿಬಾಯಿ: ನಮ್ಮವರು ಬಂದಾಗ
ಊರೇ ಇರಲಿಲ್ಲ, ಕುಲುಮೆಯ ಬಾಯಲ್ಲಿ
ಮುಳ್ಳುಹಂದಿ ಮರಿ ಹಾಕಿತ್ತು.

ಇದನ್ನೆಲ್ಲ ಯಾವ ಕಾಲಮ್ಮಿಗೆ ತುಂಬಲಿ?

ಆಮೇಲೆ ಕಂಪನಿ ಬಂತು. ಆರು ವರ್ಷ
ಲಾರಿ, ಲಾರಿ, ಕೆಂಪು ಕೆಮ್ಮು, ಕೆಂಪು ಮೊಸರು,
ಬಿಳಿ ಅಂಗಿ ಒಣಗುವಷ್ಟರಲ್ಲಿ ಇಟ್ಟಿಗೆ.
ಮೇಲಿನ ಗುಡ್ಡ ನೆತ್ತಿಯಿಂದ ಮೊಣಕಾಲಿಗೆ ಇಳಿಯಿತು.
ಆ ಆರು ವರ್ಷ ಸಂಜೆಗಾಳಿ ಬರಲಿಲ್ಲ ಎಂದು ಗಾದಿಲಿಂಗಪ್ಪ,
ಮ್ಯಾ ಕೇಳಲಿಲ್ಲ ಎಂದು ದುರುಗವ್ವ.
ಇದೊಂದಕ್ಕೆ ಇಬ್ಬರೂ ಜಗಳ ಆಡಲಿಲ್ಲ.
ತಡೆ ಆದೇಶ ಬಂತು, ಲಾರಿ ನಿಂತವು,
ಹುಡುಗರಿಗೆ ಒಂದು ಟಯರು ಉಳಿಯಿತು.

ಕೊನೆಗೆ ಬರೆದೆ: ತಿದಿಗೊಳ್ಳ, ಮನೆ ಅರವತ್ತೆಂಟು,
ಬಸ್ಸು ದಿನಕ್ಕೆರಡು, ನೋಡತಕ್ಕ ಸ್ಥಳ
ಅನ್ನುವಲ್ಲಿಗೆ ಗಾಳಿ ಎದ್ದು ಹಾಳೆ ಹಾರಿತು.
ದಿಬ್ಬದ ಬುಡದಲ್ಲಿ ಹಿಡಿದೆ. ಅಲ್ಲೇ ಬಿದ್ದಿದ್ದ
ಕಿಟ್ಟದ ತುಂಡೊಂದನ್ನು ತಂದು ಅದರ ಮೇಲಿಟ್ಟೆ.

ಬೆಚ್ಚಗಿತ್ತು.
ಬಿಸಿಲಿಗೇ ಇರಬೇಕು.
ಬೆಳಗಿನಿಂದ ಮೋಡ ಇತ್ತು ಅನ್ನುವುದನ್ನು
ಬರೆಯಲಿಲ್ಲ.