ಲಂಗರು ಜಾರಿದ ಮೇಲೆ

ನಮ್ಮ ಹಡಗಿನ ಬಾವುಟದ ದೇಶಕ್ಕೆ ಕಡಲೇ ಇಲ್ಲವಂತೆ.
ಗುಡ್ಡ, ಕುರಿ, ಒಂದು ಕಚೇರಿ, ಕಚೇರಿಯಲ್ಲೊಂದು ಫೋನು.
ಫೋನು ಹೊಡೆದುಕೊಳ್ಳುತ್ತದೆ, ಅಷ್ಟೇ.
ಮಾಲೀಕ ಇನ್ನೊಂದು ದೇಶದ ಅಂಚೆಪೆಟ್ಟಿಗೆ.
ವಿಮೆ ಮೂರನೆಯದರದು, ಹೋದ ಮಾರ್ಚಿಗೇ ತೀರಿದೆ.
ಹೊಟ್ಟೆಯೊಳಗಿನ ಸಿಮೆಂಟು ನಾಲ್ಕನೆಯದಕ್ಕೆ ಹೊರಟಿದ್ದು
ಚೀಲದಲ್ಲೇ ಕಲ್ಲಾಗಿ ಕೂತಿದೆ.
ನಾನು ಗಂಗೊಳ್ಳಿಯ ಜಟ್ಟಿಗ ಖಾರ್ವಿ, ಈ ಹಡಗಿನ ಭಂಡಾರಿ,
ಅಂದರೆ ಅಡುಗೆಯವ.
ಭಂಡಾರದಲ್ಲಿ ಉಳಿದದ್ದು ಒಂದೂವರೆ ಮೂಟೆ ಅಕ್ಕಿ.

ಅಜ್ಮಾನಿನ ದೀಪಗಳು ಎದುರಿಗೇ ಇವೆ.
ಗಾಳಿ ಈಚೆ ತಿರುಗಿದ ಸಂಜೆ
ಸುಟ್ಟ ಮೀನಿನ ವಾಸನೆಯೂ ಬರುತ್ತದೆ.
ನಾಲ್ಕು ಮೈಲಿ. ನಮ್ಮಪ್ಪ ಇದನ್ನು
ಎರಡು ಬೀಡಿಯ ದೂರ ಎನ್ನುತ್ತಿದ್ದ.
ಇಳಿಯುವಂತಿಲ್ಲ. ಹಡಗನ್ನು ನಡುನೀರಲ್ಲಿ ಬಿಟ್ಟರೆ ಅಪರಾಧ,
ನಮ್ಮನ್ನು ಬಿಟ್ಟದ್ದು ಕಡತ.

ಕಡತ ಹಿಡಿದು ಲಾಂಚಿನಲ್ಲಿ ಬಂದವನು ಒಳ್ಳೆಯವನೇ,
ಒಂದು ಪೆಟ್ಟಿಗೆ ಖರ್ಜೂರ ತಂದಿದ್ದ.
'ಹೊಣೆ ಯಾರದು' ಎಂಬ ಕಾಲಮಿನಲ್ಲಿ
ಪೆನ್ನು ಊರಿ ಬಹಳ ಹೊತ್ತು ಕೂತ.
ಒಪ್ಪಂದ ಒಂದಿದೆಯಂತೆ, ಜಿನೀವಾದಲ್ಲಿ ಆಗಿದ್ದು,
ಸಹಿ ಹಾಕಿದ ದೇಶಗಳ ಪಟ್ಟಿ ಉದ್ದವಿದೆಯಂತೆ.
"ಪಟ್ಟಿಯಲ್ಲಿ ನಮ್ಮ ಬಾವುಟ?"
ಅವನು ಖರ್ಜೂರದ ಪೆಟ್ಟಿಗೆಯನ್ನು ನನ್ನ ಕಡೆ ಸರಿಸಿದ.

ಏಳು ಜನ ನಾವು, ಐದು ದೇಶ.
ನೀರು ಮೂರು ಡ್ರಮ್ಮಿಗೆ ಇಳಿದ ದಿನ
ಕ್ಯಾಪ್ಟನ್ ಘಸ್ಸಾನ್ ಸಭೆ ಕರೆದ.
ಎಂಜಿನ್ ರೂಮಿನ ವಖ್ತಾಂಗ್: ಬಿಸಿಯಲ್ಲಿ ದುಡಿಯುವವರಿಗೆ ಹೆಚ್ಚು ಬೇಕು.
ಎಂಜಿನ್ನೇ ಸತ್ತಿದೆಯಲ್ಲೋ, ಎಂದ ಸಿಲ್ಹೆಟಿನ ಮುನೀಮ್.
ಬರ್ಮಾದ ಕೋ ಥೆಟ್ ಏನೂ ಹೇಳಲಿಲ್ಲ;
ಅವನ ಹಾಸಿಗೆಯಡಿ ಎರಡು ಬಾಟಲಿ ಸಿಕ್ಕಿದ್ದು ಆಮೇಲೆ.
ಬೈಗುಳ ಐದು ಭಾಷೆಯಲ್ಲಿ, ಅರ್ಥ ಎಲ್ಲರಿಗೂ ಆಯಿತು.
ಕೊನೆಗೆ ನನ್ನ ಸೌಟನ್ನೇ ಅಳತೆ ಮಾಡಿದರು:
ಬೆಳಿಗ್ಗೆ ನಾಲ್ಕು, ಸಂಜೆ ನಾಲ್ಕು,
ಜ್ವರ ಬಂದವನಿಗೆ ಮೇಲೆ ಎರಡು.
ಸಹಿ ಗಿಹಿ ಇಲ್ಲ.
ಕೋ ಥೆಟ್‌ಗೂ ಅಷ್ಟೇ ಹಾಕಿದೆ.
ಕೈ ಮಾತ್ರ ಒಂದು ಗಳಿಗೆ ತಡೆಯಿತು, ಸುಳ್ಳು ಯಾಕೆ ಹೇಳಲಿ.

ಫೆಬ್ರವರಿಯಲ್ಲಿ ಶಮಾಲ್ ಗಾಳಿ ಎದ್ದಿತು.
ರಾತ್ರಿ ಎರಡಕ್ಕೆ ಸರಪಳಿ ಗೊರಗೊರ, ಲಂಗರು ಜಾರುತ್ತಿದೆ.
ಎರಡನೆಯದನ್ನು ಬಿಡಬೇಕು, ಬ್ರೇಕಿನ ಚಕ್ರಕ್ಕೆ ತುಕ್ಕು,
ಚಕ್ರಕ್ಕೆ ಏಳು ಜನರ ಹದಿನಾಲ್ಕು ಕೈ.
ಬಲೆ ಎಳೆಯುವ ಅಭ್ಯಾಸದಲ್ಲಿ ಐಲೇಸಾ ಅಂದುಬಿಟ್ಟೆ.
ವಖ್ತಾಂಗನೂ ಐಲೇಸಾ ಅಂದ, ಏನೆಂದು ಕೇಳಲಿಲ್ಲ.
'ಸಾ' ಎಂಬಲ್ಲಿ ಎಲ್ಲರ ಉಸಿರೂ ಒಟ್ಟಿಗೆ ಬಿತ್ತು.
ಆ ಹಾಳು ಚಕ್ರ ತಿರುಗಿತು.

ಬೆಳಗಾದಾಗ ಗೊತ್ತಾಯಿತು, ಎರಡೂವರೆ ಮೈಲಿ ಜಾರಿ
ಪಕ್ಕದ ಬಂದರಿನ ನೀರಿಗೆ ಬಂದಿದ್ದೇವೆ.
ನೀರಿನಲ್ಲಿ ಗೆರೆ ಇದೆಯಂತೆ. ಕಟಕಟೆ ಹಿಡಿದು ಬಗ್ಗಿ ನೋಡಿದೆ.
ಬಂಗುಡೆಯ ಹಿಂಡೊಂದು ಅತ್ತ ಹೋಗಿ ಇತ್ತ ಬಂತು.

ಹೊಸ ಲಾಂಚು, ಹೊಸ ಅಧಿಕಾರಿ, ಹೊಸ ಫಾರಂ, ಮೊದಲ ಪುಟ.
ಹಳೆಯ ಕಡತ ಆ ದಡದ್ದು, ಈ ದಡಕ್ಕೆ ಬರಲು ಪತ್ರ ಬೇಕು,
ಪತ್ರ ಬರೆಯಬೇಕಾದ್ದು ಬಾವುಟದ ದೇಶ.
ಹೆಸರು ಕೇಳಿದ. ತಂದೆಯ ಹೆಸರು ಕೇಳಿದ.
"ಇಲ್ಲಿಗೆ ಯಾವಾಗ ಬಂದಿರಿ?"
ನಿನ್ನೆ ರಾತ್ರಿ, ಎಂದೆ.
ಅವನು ಹಾಗೇ ಬರೆದುಕೊಂಡ.